ಸುಡುವ ಕಡ್ಡಿಯಿಂದ ಬಯೋಚಾರ್: ಹೈನುಗಾರರು ತಿಳಿದಿರಬೇಕಾದ ಸಂಗತಿಗಳು

ಬೇಸಿಗೆ ಬಂತೆಂದರೆ ಹೊಲದ ಬದುಗಳಲ್ಲಿ ಹೊಗೆ ಏಳುವುದು ನಮ್ಮ ಹಳ್ಳಿಗಳಲ್ಲಿ ಮಾಮೂಲು. ತೊಗರಿ ಕಡ್ಡಿ, ಹತ್ತಿ ಕಡ್ಡಿ, ರೇಷ್ಮೆ ಹುಳು ಎಲೆ ತಿಂದ ಮೇಲೆ ಉಳಿಯುವ ಹಿಪ್ಪುನೇರಳೆ ಕಡ್ಡಿ, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು, ಬೇಲಿಯಿಂದ ಕಡಿದ ಲಂಟಾನ, ಬಳ್ಳಾರಿ ಜಾಲಿ ಎಲ್ಲವನ್ನೂ ಒಂದು ಮೂಲೆಗೆ ಎಳೆದು ಬೆಂಕಿ ಹಚ್ಚುತ್ತೇವೆ. ಸಂಜೆಗೆ ಉಳಿಯುವುದು ಎರಡು ಬುಟ್ಟಿ ಬೂದಿ. ಮಳೆ ಬಂದರೆ ಅದೂ ತೊಳೆದು ಹೋಗುತ್ತದೆ.

ಇದೇ ಹೊತ್ತಿನಲ್ಲಿ ಕೊಟ್ಟಿಗೆಯ ಹಿಂದೆ ಇನ್ನೊಂದು ನಷ್ಟ ಆಗುತ್ತಿರುತ್ತದೆ. ಹಾಲು ಕೊಡುವ ಒಂದು ಮಿಶ್ರತಳಿ ಹಸು ದಿನಕ್ಕೆ ಸುಮಾರು 15ರಿಂದ 20 ಕೆ.ಜಿ. ಸಗಣಿ, 8ರಿಂದ 12 ಲೀಟರ್ ಗಂಜಲ ಹಾಕುತ್ತದೆ. ಸಗಣಿಯನ್ನು ನಾವು ತಿಪ್ಪೆಗೆ ಸಾಗಿಸುತ್ತೇವೆ. ಗಂಜಲ ಮಾತ್ರ ಚರಂಡಿಯಲ್ಲಿ ಹರಿದು ರಸ್ತೆ ಸೇರುತ್ತದೆ. ಗಂಜಲದಲ್ಲಿರುವ ಸಾರಜನಕದ ಬಹುಪಾಲು ಯೂರಿಯಾ ರೂಪದಲ್ಲಿಯೇ ಇರುತ್ತದೆ. ಅಂಗಡಿಯಲ್ಲಿ ಚೀಲ ಲೆಕ್ಕದಲ್ಲಿ ಕೊಳ್ಳುವ ಯೂರಿಯಾದಲ್ಲಿರುವುದೂ ಅದೇ ವಸ್ತು.

ಈ ಎರಡು ನಷ್ಟಗಳನ್ನು ಒಟ್ಟಿಗೆ ಕಡಿಮೆ ಮಾಡುವ ಒಂದು ದಾರಿ ಬಯೋಚಾರ್. ಈ ಹೆಸರನ್ನು ನೀವು ಕೃಷಿ ಮೇಳಗಳಲ್ಲಿ, ಮೊಬೈಲ್ ವಿಡಿಯೋಗಳಲ್ಲಿ ಕೇಳಿರಬಹುದು. ಅಲ್ಲಿ ಹೇಳುವುದರಲ್ಲಿ ನಿಜವೂ ಇದೆ, ಉತ್ಪ್ರೇಕ್ಷೆಯೂ ಇದೆ. ಹೈನುಗಾರರಿಗೆ ಇದರಿಂದ ಏನು ಪ್ರಯೋಜನ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಬಯೋಚಾರ್ ಎಂದರೇನು?

ಸರಳವಾಗಿ ಹೇಳುವುದಾದರೆ ಇದು ಮಣ್ಣಿಗೆ ಹಾಕಲೆಂದೇ ತಯಾರಿಸಿದ ಇದ್ದಿಲು. ಕಟ್ಟಿಗೆಗೆ ಗಾಳಿ ಚೆನ್ನಾಗಿ ಸಿಕ್ಕರೆ ಅದು ಪೂರ್ತಿ ಉರಿದು ಬೂದಿಯಾಗುತ್ತದೆ. ಗಾಳಿ ಸಿಗದಂತೆ ಸುಮಾರು 350ರಿಂದ 700 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೆಂದರೆ ಅದರೊಳಗಿನ ಅನಿಲಗಳು ಹೊರಟುಹೋಗಿ, ಇಂಗಾಲ ಕಪ್ಪಗೆ ಉಳಿಯುತ್ತದೆ. ಇಸ್ತ್ರಿ ಪೆಟ್ಟಿಗೆಗೆ ಹಾಕುವ ಇದ್ದಿಲೂ ಹೀಗೆಯೇ ಆದದ್ದು.

ಇದ್ದಿಲಿನ ಗುಣ ಇರುವುದು ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ. ಕಣ್ಣಿಗೆ ಕಾಣದ ಈ ರಂಧ್ರಗಳು ನೀರನ್ನು ಹೀರಿಟ್ಟುಕೊಳ್ಳುತ್ತವೆ, ಗಂಜಲದ ಪೋಷಕಾಂಶಗಳನ್ನು ಹಿಡಿದಿಡುತ್ತವೆ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ನೆಲೆಯಾಗುತ್ತವೆ. ಕೊಟ್ಟಿಗೆ ಗೊಬ್ಬರ ಒಂದೆರಡು ವರ್ಷಗಳಲ್ಲಿ ಬಹುಪಾಲು ಕರಗಿ ಹೋಗುತ್ತದೆ. ಇದ್ದಿಲು ಬಹುಕಾಲ ಕೊಳೆಯದೆ ಉಳಿಯುತ್ತದೆ.

ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನಲ್ಲಿ ಕೆಲವೆಡೆ ಕಪ್ಪು ಮಣ್ಣಿನ ತಾಕುಗಳಿವೆ. ಸುತ್ತಲಿನ ಮಣ್ಣು ಸತ್ವಹೀನವಾಗಿದ್ದರೂ ಈ ತಾಕುಗಳು ಇಂದಿಗೂ ಫಲವತ್ತಾಗಿವೆ. ನೂರಾರು ವರ್ಷಗಳ ಹಿಂದೆ ಅಲ್ಲಿ ವಾಸವಿದ್ದ ಜನ ಇದ್ದಿಲು, ಮೂಳೆ, ಅಡುಗೆ ಕಸ, ಗೊಬ್ಬರ ಸೇರಿಸಿದ್ದರಿಂದ ಆ ಮಣ್ಣು ಹಾಗಾಯಿತು ಎಂದು ಸಂಶೋಧಕರು ಕಂಡುಕೊಂಡರು. ಬಯೋಚಾರ್ ಬಗ್ಗೆ ಜಗತ್ತಿನ ಗಮನ ಹರಿಯಲು ಇದೇ ಕಾರಣ. ನಮ್ಮ ಕರಾವಳಿ ಮತ್ತು ಮಲೆನಾಡಿನ ರೈತರಿಗೆ ಈ ವಿಚಾರ ಪೂರ್ತಿ ಹೊಸದೇನಲ್ಲ. ತರಗೆಲೆ, ಕಡ್ಡಿ, ಮಣ್ಣನ್ನು ಒಟ್ಟಿ ನಿಧಾನವಾಗಿ ಸುಟ್ಟು ಮಾಡುವ ಸುಡುಮಣ್ಣನ್ನು ಮಲ್ಲಿಗೆಗೆ, ತರಕಾರಿಗೆ ಹಾಕುವ ರೂಢಿ ಅಲ್ಲಿ ಇದೆ.

ಪರಿಸರಕ್ಕೆ ಏನು ಲಾಭ?

ಗಿಡ ಬೆಳೆಯುವಾಗ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಿರುತ್ತದೆ. ಕಡ್ಡಿಯನ್ನು ಸುಟ್ಟು ಬೂದಿ ಮಾಡಿದರೆ ಆ ಇಂಗಾಲವೆಲ್ಲ ಮತ್ತೆ ಗಾಳಿಗೇ ಹೋಗುತ್ತದೆ. ಇದ್ದಿಲು ಮಾಡಿದರೆ ಒಂದು ಭಾಗ ನೆಲದಲ್ಲಿ ಉಳಿಯುತ್ತದೆ.

ಲೆಕ್ಕ ಹೀಗಿದೆ. 100 ಕೆ.ಜಿ. ಒಣ ಕಡ್ಡಿಯಿಂದ ಗುಂಡಿ ವಿಧಾನದಲ್ಲಿ ಸುಮಾರು 15ರಿಂದ 20 ಕೆ.ಜಿ. ಇದ್ದಿಲು ಸಿಗುತ್ತದೆ. 20 ಕೆ.ಜಿ. ಸಿಕ್ಕಿತು, ಅದರಲ್ಲಿ ಶೇ. 70 ಇಂಗಾಲ ಇದೆ ಎಂದುಕೊಂಡರೆ 14 ಕೆ.ಜಿ. ಇಂಗಾಲವಾಯಿತು. ಒಂದು ಕೆ.ಜಿ. ಇಂಗಾಲ ಸುಟ್ಟರೆ 3.67 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅಂದರೆ ಸುಮಾರು 51 ಕೆ.ಜಿ. ಅನಿಲ ಗಾಳಿ ಸೇರುವುದು ತಪ್ಪಿತು. ಒಂದು ಮನೆಯ ಮಟ್ಟಿಗೆ ಇದು ಸಣ್ಣ ಮೊತ್ತ. ಒಂದು ಸಂಘದ ವ್ಯಾಪ್ತಿಯಲ್ಲಿ ಪ್ರತಿ ವರ್ಷ ಸುಟ್ಟು ಬೂದಿಯಾಗುವ ಕಡ್ಡಿ ಎಷ್ಟೆಂದು ನೆನೆದರೆ ಸಣ್ಣದಲ್ಲ.

ಮೇವನ್ನು ಮಾತ್ರ ಸುಡಬೇಡಿ

ಪಶುವೈದ್ಯನಾಗಿ ನಾನು ಮೊದಲು ಹೇಳಬೇಕಾದ ಮಾತು ಇದು. ರಾಗಿ ಹುಲ್ಲು, ಭತ್ತದ ಹುಲ್ಲು, ಬಿಳಿಜೋಳದ ಕಣಿಕೆ, ಮೆಕ್ಕೆಜೋಳದ ದಂಟು, ಶೇಂಗಾ ಹೊಟ್ಟು, ಕಾಳುಗಳ ಹೊಟ್ಟು ಇವೆಲ್ಲ ಮೇವು. ಇವುಗಳಿಂದ ಬಯೋಚಾರ್ ಮಾಡುವುದು ಹಸುವಿನ ಹೊಟ್ಟೆ ಹೊಡೆದು ಮಣ್ಣಿಗೆ ಹಾಕಿದಂತೆ. ಬೇಸಿಗೆಯಲ್ಲಿ ಒಣ ಮೇವು ಕೊಳ್ಳಲು ಹೊರಟವರಿಗೆ ಅದರ ಬೆಲೆ ಗೊತ್ತು. ದಂಟು ದಪ್ಪವಾಗಿದ್ದು ರಾಸು ತಿನ್ನದೆ ಬಿಡುತ್ತದೆ ಎಂದಾದರೆ ಮೊದಲು ಮೇವು ಕತ್ತರಿಸುವ ಯಂತ್ರದಲ್ಲಿ ಒಂದು ಅಂಗುಲಕ್ಕೂ ಕಡಿಮೆ ಉದ್ದಕ್ಕೆ ಕತ್ತರಿಸಿ ಕೊಡಿ. ಹಾಗೂ ಉಳಿದದ್ದು ತಿಪ್ಪೆಗೆ ಹೋಗಲಿ.

ಸಗಣಿಯನ್ನೂ ಒಣಗಿಸಿ ಸುಡುವುದು ಬೇಡ. ಗೋಬರ್ ಗ್ಯಾಸ್ ಇದ್ದರೆ ಅದಕ್ಕೆ ಹಾಕಿ. ಅಡುಗೆಗೆ ಅನಿಲವೂ ಬರುತ್ತದೆ, ಬಗ್ಗಡದಲ್ಲಿ ಗೊಬ್ಬರದ ಸತ್ವವೂ ಉಳಿಯುತ್ತದೆ.

ಬಯೋಚಾರ್‌ಗೆ ಯೋಗ್ಯವಾದವು ಮೇವೂ ಅಲ್ಲದ, ಬೇಗ ಕೊಳೆಯದ ಗಟ್ಟಿ ಕಡ್ಡಿಗಳು: ಹಿಪ್ಪುನೇರಳೆ ಕಡ್ಡಿ, ಹತ್ತಿ ಮತ್ತು ತೊಗರಿ ಕಡ್ಡಿ, ಮೆಕ್ಕೆಜೋಳದ ದಿಂಡು, ತೆಂಗಿನ ಮಟ್ಟೆ, ಬಳ್ಳಾರಿ ಜಾಲಿ, ಲಂಟಾನ. ಒಲೆಗೆ ಕಡ್ಡಿ ಬೇಕಾದ ಮನೆಗಳಲ್ಲಿ ಒಲೆಗೇ ಮೊದಲ ಆದ್ಯತೆ. ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆ ರೇಷ್ಮೆ ಮತ್ತು ಹಸು ಎರಡನ್ನೂ ಸಾಕುವ ಮನೆಗಳು ಬಹಳ. ಅಲ್ಲಿ ಹಿಪ್ಪುನೇರಳೆ ಕಡ್ಡಿಗೆ ಕೊರತೆ ಇಲ್ಲ.

ಲಂಟಾನದ ಬಗ್ಗೆ ಒಂದು ಮಾತು. ಇದು ದನಗಳಿಗೆ ವಿಷ. ಬರಗಾಲದಲ್ಲಿ ಹಸಿರು ಕಾಣದೆ ಇದನ್ನು ತಿಂದ ರಾಸುಗಳಲ್ಲಿ ಯಕೃತ್ತು ಕೆಡುತ್ತದೆ, ಕಾಮಾಲೆ ಬರುತ್ತದೆ, ಬಿಸಿಲು ತಾಗಿದ ಕಡೆ ಚರ್ಮ ಸುಟ್ಟಂತಾಗಿ ಸುಲಿಯುತ್ತದೆ. ಬದುವಿನಿಂದ ಅದನ್ನು ತೆಗೆಯುವುದೇ ಒಂದು ಲಾಭ. ಕಡಿದು ಒಣಗಲು ಹಾಕಿದ ರಾಶಿಯ ಹತ್ತಿರ ರಾಸು, ಕುರಿ, ಮೇಕೆ ಸುಳಿಯದಂತೆ ನೋಡಿಕೊಳ್ಳಿ.

ಪ್ಲಾಸ್ಟಿಕ್, ಬಣ್ಣ ಬಳಿದ ಮರ, ಹಳೆಯ ಟೈರು, ಕೀಟನಾಶಕದ ಡಬ್ಬಿ, ಔಷಧಿ ಬಾಟಲಿ ಇವು ಯಾವ ಕಾರಣಕ್ಕೂ ಗುಂಡಿಗೆ ಬೀಳಬಾರದು. ಆ ವಿಷ ಮಣ್ಣಿಗೆ, ಮಣ್ಣಿನಿಂದ ಮೇವಿಗೆ, ಮೇವಿನಿಂದ ಹಾಲಿಗೆ ಬರುವ ಅಪಾಯವಿದೆ.

ಮಾಡುವ ವಿಧಾನ

ಹೈದರಾಬಾದಿನಲ್ಲಿರುವ ಕೇಂದ್ರೀಯ ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆ ಕಡಿಮೆ ಖರ್ಚಿನ ಡ್ರಮ್ ಕುಲುಮೆಯನ್ನು ರೂಪಿಸಿದೆ. ಡ್ರಮ್ ಕೂಡ ಇಲ್ಲದೆ ನೆಲದಲ್ಲಿ ಗುಂಡಿ ತೋಡಿ ಮಾಡುವ ವಿಧಾನ ಇನ್ನೂ ಸುಲಭ. ಅದನ್ನೇ ಇಲ್ಲಿ ವಿವರಿಸುತ್ತೇನೆ.

1. ಬಾಣಲೆಯಾಕಾರದ ಗುಂಡಿ ತೆಗೆಯಿರಿ. ಮೇಲೆ 4 ಅಡಿ ಅಗಲ, ತಳದಲ್ಲಿ ಒಂದೂವರೆ ಅಡಿ, ಆಳ 2 ಅಡಿ ಇದ್ದರೆ ಮೊದಲ ಸಲಕ್ಕೆ ಸಾಕು. ಇದಕ್ಕೆ ಸುಮಾರು 200ರಿಂದ 300 ಕೆ.ಜಿ. ಒಣ ಕಡ್ಡಿ ಹಿಡಿಸುತ್ತದೆ.

2. ಕಡ್ಡಿ ಪೂರ್ತಿ ಒಣಗಿರಬೇಕು. ಮುರಿದರೆ ಚಟ್ಟನೆ ಸದ್ದು ಬರಬೇಕು. ಹಸಿ ಕಡ್ಡಿ ಹಾಕಿದರೆ ಬರೀ ಹೊಗೆ. ಹೆಬ್ಬೆರಳಿನಿಂದ ಮುಂಗೈ ದಪ್ಪದವರೆಗಿನ ಕಡ್ಡಿ ಆಗಬಹುದು, ದಪ್ಪ ದಿಮ್ಮಿ ಬೇಡ.

3. ತಳದಲ್ಲಿ ಸಣ್ಣ ಕಡ್ಡಿಗಳನ್ನು ಒಟ್ಟಿ ಮೇಲಿನಿಂದ ಬೆಂಕಿ ಹಚ್ಚಿ. ಜ್ವಾಲೆ ಚೆನ್ನಾಗಿ ಎದ್ದು, ಕಡ್ಡಿಗಳ ಮೇಲೆ ಬಿಳಿ ಬೂದಿಯ ತೆಳು ಪದರ ಕಾಣಿಸಿಕೊಂಡ ಕೂಡಲೇ ಮುಂದಿನ ಪದರ ಹಾಕಿ.

4. ಹೀಗೆ ಪದರದ ಮೇಲೆ ಪದರ ಹಾಕುತ್ತಾ ಗುಂಡಿ ತುಂಬಿಸಿ. ಮೇಲಿನ ಜ್ವಾಲೆ ಗಾಳಿಯ ಆಮ್ಲಜನಕವನ್ನು ಬಳಸಿಕೊಂಡುಬಿಡುವುದರಿಂದ ಕೆಳಗಿನ ಕೆಂಡಕ್ಕೆ ಗಾಳಿ ಸಿಗದೆ ಅದು ಇದ್ದಿಲಾಗಿ ಉಳಿಯುತ್ತದೆ. ಈ ವಿಧಾನದ ಗುಟ್ಟು ಇಷ್ಟೇ. ಹೊಗೆ ಹೆಚ್ಚಾದರೆ ಒಮ್ಮೆಲೇ ಜಾಸ್ತಿ ಹಾಕಿದ್ದೀರಿ ಅಥವಾ ಕಡ್ಡಿ ಹಸಿಯಿದೆ ಎಂದರ್ಥ. ಹೊಗೆಯಲ್ಲಿ ಮೀಥೇನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಇರುತ್ತವೆ. ಹೊಗೆ ಎಬ್ಬಿಸಿ ಮಾಡಿದ ಬಯೋಚಾರ್‌ನಿಂದ ಪರಿಸರಕ್ಕೆ ಉಪಕಾರವಿಲ್ಲ.

5. ಕೊನೆಯ ಪದರಕ್ಕೆ ಬೂದಿ ಹಿಡಿಯುತ್ತಿದ್ದಂತೆ ನೀರು ಸುರಿದು ಆರಿಸಿ. ಇಷ್ಟು ಗುಂಡಿಗೆ ಕನಿಷ್ಠ 300 ಲೀಟರ್ ನೀರು ಮೊದಲೇ ತುಂಬಿಟ್ಟಿರಬೇಕು. ನೀರಿನ ಅಭಾವವಿದ್ದರೆ ಅರ್ಧ ಅಡಿ ದಪ್ಪಕ್ಕೆ ಒದ್ದೆ ಮಣ್ಣು ಮುಚ್ಚಿ ಎರಡು ದಿನ ಬಿಡಿ. ಬಿಸಿ ಕೆಂಡದ ಮೇಲೆ ಗಂಜಲ ಸುರಿಯಬೇಡಿ. ಅದರ ಸಾರಜನಕವೆಲ್ಲ ಅಮೋನಿಯವಾಗಿ ಹಾರಿಹೋಗುತ್ತದೆ.

ಒಳ್ಳೆಯ ಬಯೋಚಾರ್ ಹಗುರಾಗಿರುತ್ತದೆ, ಒಳಗೂ ಕಪ್ಪಗಿರುತ್ತದೆ, ಮುರಿದರೆ ಗಾಜಿನಂತೆ ಸದ್ದು ಮಾಡುತ್ತದೆ. ಕೈಗೆ ಹತ್ತಿದ ಮಸಿ ಬರೀ ನೀರಿನಲ್ಲಿ ಹೋಗಬೇಕು. ಜಿಡ್ಡಾಗಿ ಅಂಟಿಕೊಂಡು ಸೋಪು ಬೇಕಾಯಿತೆಂದರೆ ಸರಿಯಾಗಿ ಬೆಂದಿಲ್ಲ, ಡಾಂಬರಿನಂಥ ಅಂಶ ಉಳಿದಿದೆ. ಅಂಥದ್ದನ್ನು ಮುಂದಿನ ಸಲದ ಗುಂಡಿಗೆ ಮತ್ತೆ ಹಾಕಿ.

ಬೆಂಕಿಯ ಎಚ್ಚರ

ಬೂದಿ ಮುಚ್ಚಿದ ಕೆಂಡ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಮೇಲೆ ಆರಿದಂತೆ ಕಂಡ ಇದ್ದಿಲು ಒಳಗೆ ಕೆಂಡವಾಗಿದ್ದು, ಗಂಟೆಗಳ ನಂತರ ಗಾಳಿ ತಾಗಿ ಮತ್ತೆ ಹೊತ್ತಿಕೊಳ್ಳಬಹುದು. ಅದನ್ನು ಚೀಲಕ್ಕೆ ತುಂಬಿ ಕೊಟ್ಟಿಗೆಯ ಮೂಲೆಯಲ್ಲಿಟ್ಟರೆ ರಾತ್ರಿ ಕಟ್ಟಿಹಾಕಿದ ರಾಸುಗಳಿಗೆ ಓಡಲೂ ದಾರಿ ಇರುವುದಿಲ್ಲ. ಆದ್ದರಿಂದ ಇದ್ದಿಲನ್ನು ಹೊರಗೆ ತೆಳ್ಳಗೆ ಹರಡಿ, ಕೈಯಿಟ್ಟು ತಣ್ಣಗಿದೆಯೆಂದು ನೋಡಿ, ಒಂದು ಪೂರ್ತಿ ದಿನ ಕಳೆದ ಮೇಲೆ ಒಳಗೆ ತನ್ನಿ.

ಗುಂಡಿ ಕೊಟ್ಟಿಗೆ, ಹುಲ್ಲಿನ ಬಣವೆ, ಒಣ ಬೇಲಿ, ವಿದ್ಯುತ್ ತಂತಿಗಳಿಂದ ದೂರವಿರಲಿ. ಗಾಳಿ ಬೀಸುವ ದಿನ ಬೇಡ. ಬೆಳಿಗ್ಗೆ ಬೇಗ ಶುರು ಮಾಡಿದರೆ ಒಳ್ಳೆಯದು. ಒಬ್ಬರೇ ಮಾಡಬೇಡಿ. ನೈಲಾನ್ ಸೀರೆ, ಲುಂಗಿಗಿಂತ ಹತ್ತಿ ಬಟ್ಟೆ ಮೇಲು. ಗುಂಡಿಯ ಮೇಲೆ ಬಗ್ಗಿ ನಿಲ್ಲಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಗಂಜಲದಲ್ಲಿ ನೆನೆಸದೆ ಹೊಲಕ್ಕೆ ಹಾಕಬೇಡಿ

ಹಸಿ ಇದ್ದಿಲು ಖಾಲಿ ಗಡಿಗೆಯಂತೆ. ಹಾಗೆಯೇ ಹೊಲಕ್ಕೆ ಹಾಕಿದರೆ ಮಣ್ಣಿನಲ್ಲಿರುವ ಸಾರಜನಕವನ್ನು ತಾನೇ ಹಿಡಿದುಕೊಂಡು, ಮೊದಲ ಬೆಳೆ ಹಳದಿ ತಿರುಗುವಂತೆ ಮಾಡಬಹುದು. ಗಡಿಗೆಯನ್ನು ತುಂಬಿಸಿಯೇ ಕಳಿಸಬೇಕು. ಈ ಕೆಲಸಕ್ಕೆ ಹೈನುಗಾರರ ಬಳಿ ಇರುವಷ್ಟು ಅನುಕೂಲ ಬೇರೆ ರೈತರಿಗೆ ಇಲ್ಲ.

ಒಂದು ದಾರಿ: ಇದ್ದಿಲನ್ನು ಕಡಲೆಕಾಳಿನಷ್ಟು ಪುಡಿ ಮಾಡಿ ಡ್ರಮ್ಮಿಗೆ ಹಾಕಿ, ಮುಳುಗುವಷ್ಟು ಗಂಜಲ ಅಥವಾ ಗೋಬರ್ ಗ್ಯಾಸಿನ ಬಗ್ಗಡ ಸುರಿದು, ಮುಚ್ಚಿ ಎರಡು ವಾರ ನೆರಳಿನಲ್ಲಿಡಿ. ಪುಡಿ ಮಾಡುವ ಮುಂಚೆ ನೀರು ಚಿಮುಕಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

ಇನ್ನೊಂದು ದಾರಿ: ತಿಪ್ಪೆಗೆ ಹತ್ತು ಬುಟ್ಟಿ ಸಗಣಿ ಹಾಕಿದಾಗಲೆಲ್ಲ ಒಂದು ಬುಟ್ಟಿ ಇದ್ದಿಲು ಹರಡಿ, ಮೇಲೆ ಗಂಜಲ ಚಿಮುಕಿಸಿ, ಮಣ್ಣು ಮುಚ್ಚಿ. ಗೊಬ್ಬರ ಕಳಿಯುವಾಗ ಇದ್ದಿಲೂ ಜೊತೆಯಲ್ಲೇ ಸಿದ್ಧವಾಗುತ್ತದೆ. ಕೆಲಸ ಕಡಿಮೆ ಇರುವುದು ಇದರಲ್ಲೇ.

ಇಲ್ಲಿ ಬೂದಿಯ ಬಗ್ಗೆ ಗಮನವಿರಲಿ. ಬೂದಿ ಕ್ಷಾರ. ಕ್ಷಾರ ಸೇರಿದರೆ ಗಂಜಲದ ಸಾರಜನಕ ಅಮೋನಿಯವಾಗಿ ಇನ್ನೂ ಬೇಗ ಹಾರಿಹೋಗುತ್ತದೆ. ಇದ್ದಿಲಿನಲ್ಲಿ ಬೂದಿ ಹೆಚ್ಚಿದ್ದರೆ ನೀರಿನಲ್ಲಿ ಒಮ್ಮೆ ತೊಳೆದು ಬಳಸಿ.

ಕೊಟ್ಟಿಗೆಯೊಳಗೆ ಬಳಸಬಹುದೇ?

ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ಕಣ್ಣು ಉರಿಯುತ್ತದೆ ಎಂದರೆ ಅದು ಅಮೋನಿಯ. ಮೂಗು ನೆಲಕ್ಕೆ ಹತ್ತಿರ ಇರುವ ಕರುಗಳಿಗೆ ಇದರ ಬಾಧೆ ಹೆಚ್ಚು. ಶ್ವಾಸನಾಳ ಕೆರಳಿ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಗಂಜಲ ಹರಿಯುವ ಚರಂಡಿಯ ಕೊನೆಯಲ್ಲಿರುವ ಗುಂಡಿಗೆ ತೊಳೆದ ಇದ್ದಿಲು ಹಾಕಿಟ್ಟರೆ ಗಂಜಲ ಅಲ್ಲೇ ಹೀರಿಕೊಳ್ಳುತ್ತದೆ, ಗೊಬ್ಬರವೂ ತಯಾರಾಗುತ್ತದೆ. ಆದರೆ ವಾಸನೆಗೆ ಮೊದಲ ಮದ್ದು ಗಾಳಿಯಾಡುವ ಕೊಟ್ಟಿಗೆ, ಇಳಿಜಾರಿನ ನೆಲ, ದಿನವೂ ಶುಚಿ ಮಾಡುವುದು. ಇವನ್ನು ಬಿಟ್ಟು ಇದ್ದಿಲನ್ನು ನಂಬಿ ಕೂರಬೇಡಿ.

ರಾಸು ಮಲಗುವ, ಹಾಲು ಕರೆಯುವ ಜಾಗದಲ್ಲಿ ಇದ್ದಿಲು ಪುಡಿ ಹರಡುವುದು ಬೇಡ. ಕೆಚ್ಚಲಿಗೆ ಮಸಿ ಹತ್ತಿ ಹಾಲಿನಲ್ಲಿ ಕಪ್ಪು ಕಣ ಸೇರಿದರೆ ಸಂಘದಲ್ಲಿ ನಿಮ್ಮ ಕ್ಯಾನಿನ ಹಾಲು ಹಿಂದಿರುಗಬಹುದು.

ಹಸುವಿಗೆ ತಿನ್ನಿಸಬಹುದೇ?

ಸಂಘದ ಸಭೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಇದು. ನನ್ನ ಉತ್ತರ: ಮನೆಯಲ್ಲಿ ಮಾಡಿದ ಇದ್ದಿಲನ್ನು ತಿನ್ನಿಸಬೇಡಿ.

ವಿಷ ಸೇವಿಸಿದ ರಾಸುಗಳಿಗೆ ನಾವು ಕೊಡುವುದು ಸಕ್ರಿಯ ಇದ್ದಿಲು. ಅದನ್ನು ಕಾರ್ಖಾನೆಯಲ್ಲಿ ವಿಶೇಷವಾಗಿ ಸಂಸ್ಕರಿಸಿ, ಹೀರುವ ಶಕ್ತಿಯನ್ನು ಹಲವು ಪಟ್ಟು ಹೆಚ್ಚಿಸಿರುತ್ತಾರೆ. ಎಷ್ಟು ಕೊಡಬೇಕೆಂಬುದನ್ನು ರಾಸಿನ ತೂಕ ಮತ್ತು ವಿಷದ ಬಗೆ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಗುಂಡಿಯ ಇದ್ದಿಲು ಅದಕ್ಕೆ ಬದಲಿಯಲ್ಲ. ಬಿದ್ದ ರಾಸಿಗೆ ಗೊಟ್ಟದಲ್ಲಿ ಇದ್ದಿಲು ನೀರು ಕುಡಿಸಲು ಹೋದರೆ ಅದು ಶ್ವಾಸಕೋಶ ಸೇರಿ, ವಿಷಕ್ಕಿಂತ ಮೊದಲೇ ಪ್ರಾಣ ತೆಗೆಯಬಹುದು. ವಿಷದ ಅನುಮಾನ ಬಂದರೆ ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ.

ಇದ್ದಿಲು ತಿಂದರೆ ಹಸುವಿನ ತೇಗಿನಲ್ಲಿ ಬರುವ ಮೀಥೇನ್ ಕಡಿಮೆಯಾಗುತ್ತದೆ ಎಂಬ ಮಾತೂ ಇದೆ. ಕೆಲವು ಪ್ರಯೋಗಗಳಲ್ಲಿ ಕಡಿಮೆಯಾಗಿದೆ, ಮತ್ತೆ ಕೆಲವದರಲ್ಲಿ ವ್ಯತ್ಯಾಸವೇ ಕಂಡಿಲ್ಲ. ಬೂಷ್ಟು ಹಿಡಿದ ಹಿಂಡಿ, ಮೇವಿಗೆ ಇದ್ದಿಲು ಬೆರೆಸಿದರೆ ಸರಿಹೋಗುತ್ತದೆ ಎಂದು ನಂಬುವುದೂ ಅಪಾಯ. ಬೂಷ್ಟಿನ ಅಫ್ಲಾಟಾಕ್ಸಿನ್ ಹಾಲಿಗೆ ಇಳಿಯುತ್ತದೆ. ಹಾಲಿನಲ್ಲಿ ಅದರ ಮಿತಿ ಕೆ.ಜಿ.ಗೆ ಕೇವಲ 0.5 ಮೈಕ್ರೋಗ್ರಾಂ. ಬೂಷ್ಟು ಬಂದದ್ದನ್ನು ತಿನ್ನಿಸದಿರುವುದೇ ಪರಿಹಾರ.

ಹೊಲಕ್ಕೆ ಎಷ್ಟು, ಹೇಗೆ?

ನೇಪಾಳದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಹೈನುಗಾರರಿಗೆ ಉಪಯುಕ್ತ. ಹೆಕ್ಟೇರಿಗೆ 750 ಕೆ.ಜಿ. ಬಯೋಚಾರನ್ನು ಹಸುವಿನ ಗಂಜಲದಲ್ಲಿ ನೆನೆಸಿ ಬೇರಿನ ಹತ್ತಿರವೇ ಹಾಕಿದಾಗ, ಗಂಜಲ ಮಾತ್ರ ಹಾಕಿದ ತಾಕಿಗಿಂತ ಕುಂಬಳದ ಇಳುವರಿ ನಾಲ್ಕು ಪಟ್ಟಾಯಿತು. ಅದು ಒಂದು ಜಾಗದ, ಒಂದು ಬೆಳೆಯ ಫಲಿತಾಂಶ. ನಿಮ್ಮ ನೇಪಿಯರ್ ನಾಲ್ಕು ಪಟ್ಟಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರಿಂದ ಕಲಿಯಬೇಕಾದದ್ದು ಎರಡು: ನೆನೆಸಿ ಹಾಕಬೇಕು, ಹೊಲವೆಲ್ಲ ಎರಚದೆ ಬೇರಿಗೇ ಹಾಕಬೇಕು.

750 ಕೆ.ಜಿ. ಎಂದರೆ ಎಕರೆಗೆ ಸುಮಾರು 300 ಕೆ.ಜಿ., ಗುಂಟೆಗೆ ಏಳೆಂಟು ಕೆ.ಜಿ. ನಾವು ಹೇಳಿದ ಒಂದು ಗುಂಡಿಯ ಇದ್ದಿಲು ನಾಲ್ಕೈದು ಗುಂಟೆ ಮೇವಿನ ತಾಕಿಗೆ ಸಾಕು. ನೇಪಿಯರ್ ಕಡ್ಡಿ ನಾಟಿ ಮಾಡುವಾಗ ಸಾಲಿನಲ್ಲಿ ಕೊಟ್ಟಿಗೆ ಗೊಬ್ಬರದ ಜೊತೆ ಹಾಕಿ ಮಣ್ಣು ಮುಚ್ಚಿ. ಹಳೆಯ ತಾಕಾದರೆ ಕಟಾವಿನ ನಂತರ ಬುಡದ ಪಕ್ಕ ಸಣ್ಣ ಸಾಲು ತೆಗೆದು ಹಾಕಬಹುದು.

ಮಣ್ಣು ನೋಡಿ ಹಾಕಬೇಕು. ಬಯೋಚಾರ್ ಸಾಮಾನ್ಯವಾಗಿ ಕ್ಷಾರ ಗುಣದ್ದು. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೂ, ನೀರು ನಿಲ್ಲದ ಕೆಂಪು ಮರಳು ಮಣ್ಣಿಗೂ ಇದರ ಪ್ರಯೋಜನ ಹೆಚ್ಚು. ಉತ್ತರ ಕರ್ನಾಟಕದ ಕ್ಷಾರ ಕಪ್ಪು ಭೂಮಿಯಲ್ಲಿ ಮಣ್ಣು ಪರೀಕ್ಷೆ ಮಾಡಿಸದೆ ಹಾಕಬೇಡಿ. ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರ ಎಂಟಕ್ಕಿಂತ ಹೆಚ್ಚಿದ್ದರೆ ಮೊದಲು ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಈಗಾಗಲೇ ಫಲವತ್ತಾದ ಭೂಮಿಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣದೆಯೂ ಇರಬಹುದು.

ಹಣದ ಮಾತು

ಬಯೋಚಾರ್ ಮಾಡಿದರೆ ಕಾರ್ಬನ್ ಕ್ರೆಡಿಟ್ ಹಣ ಬರುತ್ತದೆ ಎಂದು ಹೇಳಿಕೊಂಡು ಬರುವವರೂ ಇದ್ದಾರೆ. ಅಂಥ ಯೋಜನೆಗಳು ಇರುವುದು ನಿಜ. ಆದರೆ ಅವು ನೂರಾರು ರೈತರನ್ನು ಒಟ್ಟುಗೂಡಿಸಿ, ಪ್ರತಿ ಗುಂಡಿಯ ಅಳತೆ, ದಾಖಲೆ, ತಪಾಸಣೆ ಮಾಡಿ ನಡೆಯುವಂಥವು. ನೋಂದಣಿಗೆಂದು ಮುಂಗಡ ಹಣ ಕೇಳಿದರೆ ಕೊಡಬೇಡಿ. ಓದಿ ನೋಡದ ಕಾಗದಕ್ಕೆ ಸಹಿ ಹಾಕಬೇಡಿ. ಸದ್ಯಕ್ಕೆ ನಿಮ್ಮ ಲಾಭ ಇರುವುದು ಹೊಲದಲ್ಲಿ: ಪೋಲಾಗುತ್ತಿದ್ದ ಗಂಜಲ ಮೇವಿನ ಬುಡ ಸೇರುತ್ತದೆ, ಮಳೆ ಕೈಕೊಟ್ಟಾಗ ಮಣ್ಣು ಇನ್ನಷ್ಟು ದಿನ ತೇವ ಹಿಡಿದಿಡುತ್ತದೆ. ಬಯೋಚಾರ್ ಒಂದೇ ಗೊಬ್ಬರವಾಗುವುದಿಲ್ಲ. ಕೊಟ್ಟಿಗೆ ಗೊಬ್ಬರವನ್ನು ಬಿಡುವಂತಿಲ್ಲ.

ಮೊದಲು ಎರಡು ಗುಂಟೆಯಲ್ಲಿ ನೋಡಿ

ಬೇಸಿಗೆಯಲ್ಲಿ ಕಡ್ಡಿ ಒಣಗಿರುತ್ತದೆ, ಕೆಲಸವೂ ಕಡಿಮೆ. ಮುಂಗಾರಿಗೆ ಒಂದು ತಿಂಗಳು ಮುಂಚೆ ಒಂದು ಗುಂಡಿ ಮಾಡಿ ನೆನೆಸಿಟ್ಟುಕೊಳ್ಳಿ. ಅಕ್ಕಪಕ್ಕದ ಎರಡು ಗುಂಟೆ ನೇಪಿಯರ್‌ನಲ್ಲಿ ಒಂದಕ್ಕೆ ಕೊಟ್ಟಿಗೆ ಗೊಬ್ಬರ ಮಾತ್ರ, ಇನ್ನೊಂದಕ್ಕೆ ಅಷ್ಟೇ ಗೊಬ್ಬರದ ಜೊತೆ ನೆನೆಸಿದ ಬಯೋಚಾರ್ ಹಾಕಿ. ನೀರು, ಕಳೆ ಎರಡಕ್ಕೂ ಒಂದೇ ಸಮ ಇರಲಿ. ಮೊದಲ ಕಟಾವು ಎರಡೂವರೆ ತಿಂಗಳಿಗೆ, ನಂತರದ್ದು ಒಂದೂವರೆ ತಿಂಗಳಿಗೊಮ್ಮೆ ಬರುತ್ತದೆ. ಮೂರು ಕಟಾವಿನ ತೂಕವನ್ನು ಬೇರೆ ಬೇರೆಯಾಗಿ ಬರೆದಿಡಿ. ವ್ಯತ್ಯಾಸ ಕಂಡರೆ ಮುಂದಿನ ವರ್ಷ ಉಳಿದ ತಾಕಿಗೂ ವಿಸ್ತರಿಸಿ. ಕಾಣದಿದ್ದರೆ ಹೋದದ್ದು ಅರ್ಧ ದಿನದ ಕೆಲಸ, ಹೇಗಿದ್ದರೂ ಸುಡಲಿದ್ದ ಕಡ್ಡಿ. ಬರೆದಿಟ್ಟ ಲೆಕ್ಕವನ್ನು ಸಂಘದ ಸಭೆಗೆ ತನ್ನಿ. ನಿಮ್ಮ ಊರಿನ ಮಣ್ಣಿನಲ್ಲಿ ಬಂದ ಫಲಿತಾಂಶವೇ ಪಕ್ಕದ ಹೊಲದವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.